ಬದಲಿಯ ಬಲ

2024ರ ಬೇಸಗೆಯ ರಜೆಯಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗುವ ಯೋಗ ನನಗೊದಗಿತು. ನಾನೇರಿದ ವಿಮಾನವು ಇಳಿದುದು ಜಗತ್ಪ್ರಸಿದ್ಧವಾದ ಹೀಥ್ರೋದಲ್ಲಲ್ಲ. ಲಂಡನ್ನಿನ ದಕ್ಷಿಣಕ್ಕಿರುವ ಗ್ಯಾಟ್ವಿಕ್ ಎಂಬ ಎರಡನೆಯ ನಿಲ್ದಾಣದಲ್ಲಿ. ಅಲ್ಲಿ ನನ್ನನ್ನು ಎದುರುಗೊಂಡವನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. ವಿಮಾನ ಸಂಸ್ಥೆಗಳ ಲೆಕ್ಕಾಚಾರವೇ ಆತನ ಕಾಯಕ. ಮಗಳು ಬರುವುದು ತಡವಾದುದರಿಂದ ಗಾಜಿನ ಗೋಡೆಯ ಬಳಿ ಕುಳಿತು, ದೂರದೇಶಗಳಿಗೆ ಇಂಥದೇ ವಿಮಾನವೆಂದು ಹೇಗೆ ನಿಶ್ಚಯಿಸುತ್ತಾರೆಂದು ಆತನನ್ನು ಕೇಳಿದೆನು.

“ಗುರುಗಳೇ, ಹೀಥ್ರೋ ದೊಡ್ಡ ಜಾತ್ರೆಯ ಊರಿದ್ದಂತೆ. ನಾಲ್ಕು ದಿಕ್ಕಿನಿಂದ ಬಂದಿಳಿದವರು ಅಲ್ಲಿ ಮತ್ತೊಂದು ವಿಮಾನವನ್ನೇರುತ್ತಾರೆ. ಇಲ್ಲಿಯಾದರೋ ಬಹುಮಟ್ಟಿಗೆ ಈ ಸೀಮೆಗೆ ಬರುವವರು, ಇಲ್ಲಿಂದಲೇ ಹೊರಡುವವರು. ಹೆಚ್ಚಿನ ಬೆಲೆಯ ಆಸನ ಕೊಳ್ಳುವ ವ್ಯಾಪಾರಿಗಳೂ ಕಡಮೆ. ಆದುದರಿಂದ ಇಲ್ಲಿ ನೆಲೆಯೂರುವವರು ಸುಗ್ಗಿಯ ತಿಂಗಳನ್ನಲ್ಲ, ಬಡ ತಿಂಗಳನ್ನು ನೋಡಿ ವಿಮಾನದ ಗಾತ್ರವನ್ನು ಗೊತ್ತುಮಾಡಬೇಕು” ಎಂದನು.

ಹೊರಗೆ ಎರಡಂತಸ್ತಿನ ಏರ್‌ಬಸ್ ಎ380 ನಿಂತಿತ್ತು. ಅದನ್ನು ತೋರಿಸಿ ಆಕ್ಷೇಪಿಸಿದೆನು. “ಅದು ಎಮಿರೇಟ್ಸ್‌ನದು, ಅದರ ನೆಲೆ ದುಬೈ. ನೂರಕ್ಕೆ ಮಿಕ್ಕ ಊರುಗಳ ಜನರು ಅಲ್ಲಿ ಕೂಡಿ ಅದನ್ನು ತುಂಬುತ್ತಾರೆ. ಇಲ್ಲಿಗೆ ಅದು ಅತಿಥಿ, ಮನೆಯೊಡೆಯನಲ್ಲ” ಎಂದು ನಕ್ಕನು.

ಮನೆಯೊಡೆಯನಾಗಲು ಬಂದ ನಾರ್ವೇಜಿಯನ್ ಸಂಸ್ಥೆಯ ಕಥೆಯನ್ನು ಆತ ಆಮೇಲೆ ಹೇಳಿದನು. ಆ ಸಂಸ್ಥೆಯು 2014ರ ಜುಲೈಯಲ್ಲಿ ಗ್ಯಾಟ್ವಿಕ್‌ನಿಂದ ನ್ಯೂಯಾರ್ಕ್, ಲಾಸ್ ಏಂಜಲೀಸ್ ನಗರಗಳಿಗೆ ಅಲ್ಪದರದ ಸಂಚಾರವನ್ನಾರಂಭಿಸಿತು. ಆರಿಸಿದುದು 291 ಆಸನಗಳ ಬೋಯಿಂಗ್ 787-8. ಎರಡೇ ಎಂಜಿನ್, ಇಂಗಾಲದ ಎಳೆಗಳಿಂದ ಮಾಡಿದ ಹಗುರವಾದ ಒಡಲು, ದೂರ ಹೋದರೂ ಇಂಧನದ ಖರ್ಚು ಮಿತ. ಒಂದೇ ಜಾತಿಯ ವಿಮಾನಗಳಾದುದರಿಂದ ಒಂದರ ಚಾಲಕನೂ ಬಿಡಿಭಾಗವೂ ಇನ್ನೊಂದಕ್ಕೆ ಒದಗುವ ಅನುಕೂಲವಿತ್ತು. ಆಯ್ಕೆ ವಿವೇಕದ್ದೇ ಆಗಿತ್ತು. ಆದರೆ ಆ ವಿಮಾನಗಳ ಎಂಜಿನ್ನುಗಳಲ್ಲಿ ಕೆಲವು ಭಾಗಗಳು ನಿರೀಕ್ಷೆಗೆ ಮುನ್ನವೇ ಸವೆಯತೊಡಗಿ, ತಪಾಸಣೆಗಾಗಿ ವಿಮಾನಗಳನ್ನು ನಿಲ್ಲಿಸಬೇಕಾಯಿತು. 2018ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಮಾರ್ಗಕ್ಕಾಗಿ ಪೋರ್ಚುಗಲ್ಲಿನ ಸಂಸ್ಥೆಯೊಂದರ ಎ380ಅನ್ನೇ ಬಾಡಿಗೆಗೆ ತಂದರು; ಮನೆಯ ಕೊಡ ಸೋರಿತೆಂದು ಮದುವೆಯ ಹಂಡೆಯನ್ನು ತಂದಂತಾಯಿತು! ಸಾಲದ ಭಾರ, ಮಹಾಮಾರಿ ಮೊದಲಾದ ಕಾರಣಗಳೂ ಕೂಡಿ 2021ರ ಜನವರಿಯಲ್ಲಿ ಆ ಸಂಸ್ಥೆಯು ದೂರಸಂಚಾರವನ್ನೇ ಕೈಬಿಟ್ಟಿತು.

“ದೊಡ್ಡ ನೆಲೆಯಲ್ಲಿ ಒಂದು ಕೆಟ್ಟರೆ ಮತ್ತೊಂದು ಸಿಕ್ಕೀತು, ಚಿಕ್ಕ ನೆಲೆಯಲ್ಲಿ ಬದಲಿಯಿರುವುದಿಲ್ಲ. ಬದಲಿಗೆಂದು ಒಂದನ್ನು ಸುಮ್ಮನೆ ನಿಲ್ಲಿಸುವುದು ಮೇಲುನೋಟಕ್ಕೆ ನಷ್ಟ. ಕೆಟ್ಟ ದಿನದಲ್ಲಿ ಅದರ ಬೆಲೆ ತಿಳಿಯುತ್ತದೆ, ಗುರುಗಳೇ” ಎಂದನು.

ಆ ಮಾತು ನನ್ನನ್ನು ಚುಚ್ಚಿತು. ಅದಕ್ಕೆ ಹಿಂದಿನ ವರ್ಷ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ನಾನು ಹಾಸಿಗೆ ಹಿಡಿದಿದ್ದೆನು. ಹತ್ತನೆಯ ತರಗತಿಯ ಹಳಗನ್ನಡ ಪದ್ಯಗಳನ್ನು ಪಾಠ ಮಾಡುವವರಿರಲಿಲ್ಲ. ಮರಳಿ ಬಂದು ನೋಡಿದರೆ ಮಕ್ಕಳು ಗೈಡಿನ ಉತ್ತರಗಳನ್ನು ಬಾಯಿಪಾಠ ಮಾಡಿದ್ದರು. ಒಂದು ಪದ್ಯದ ಅನ್ವಯವೂ ಅವರಿಂದಾಗಲಿಲ್ಲ. ರೋಗವೇ ಇದಕ್ಕೆ ಕಾರಣವೆಂದು ಸಮಾಧಾನ ತಂದುಕೊಂಡಿದ್ದೆನು. ನಿಜವಾದ ಕಾರಣ ಬೇರೆ. ಸುಮಾರು ಮೂವತ್ತು ವರ್ಷಗಳ ಸೇವೆಯಲ್ಲಿ ನಾನು ಒಬ್ಬ ಬದಲಿಯನ್ನೂ ಸಿದ್ಧಪಡಿಸಿರಲಿಲ್ಲ. ಹಳಗನ್ನಡವೆಂದರೆ ಪಂಡಿತರೇ ಬೇಕು ಎಂಬ ಮಾತು ಕಿವಿಗೆ ಇಂಪಾಗಿತ್ತು.

ಊರಿಗೆ ಮರಳಿದ ಮೇಲೆ ಶ್ರೀಮಠದ ಪೂಜ್ಯರ ಸನ್ನಿಧಿಯಲ್ಲಿ ಇದನ್ನು ಅರಿಕೆ ಮಾಡಿಕೊಂಡೆನು. ಅವರ ಅಪ್ಪಣೆಯಂತೆ ಈಗ ಪ್ರತಿ ಶನಿವಾರ ತರುಣ ಶಿಕ್ಷಕರೊಬ್ಬರು ನನ್ನೊಡನೆ ಕುಳಿತು ವ್ಯಾಕರಣ, ಛಂದಸ್ಸುಗಳನ್ನು ಓದುತ್ತಿದ್ದಾರೆ. ಅವರ ಹುದ್ದೆಗೆ ಇನ್ನೂ ಸ್ಥಿರವಾದ ವೇತನವಿಲ್ಲ. ಕಟ್ಟಡಕ್ಕೆ ಕೊಟ್ಟ ದಾನ ಕಣ್ಣಿಗೆ ಕಾಣುತ್ತದೆ. ಬದಲಿ ಶಿಕ್ಷಕನಿಗೆ ಕೊಟ್ಟ ದಾನ ಒಬ್ಬ ಪಂಡಿತನು ಬಾರದ ದಿನವಷ್ಟೇ ಕಾಣುತ್ತದೆ. ನನ್ನ ನಿವೃತ್ತಿಯೂ ದೂರವಿಲ್ಲ. ದಾಸೋಹಶೀಲರಾದ ಮಹನೀಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇನೆ.