ಏರುದಾರಿಯಲ್ಲಿ ಹತ್ತು ರೂಪಾಯಿ

ನಮ್ಮ ಸೈದಾಪುರದ ನೆಲ ಬಹುಮಟ್ಟಿಗೆ ಸಮತಟ್ಟು. ಆದುದರಿಂದ ಏರು ಹತ್ತುವ ಅಭ್ಯಾಸಕ್ಕಾಗಿ ರೈಲಿನಲ್ಲಿ ಯಾದಗಿರಿಗೆ ಹೋಗಿ ಕೋಟೆಯ ಬೆಟ್ಟವನ್ನೇರುತ್ತಿದ್ದೆ. 2008ರಲ್ಲಿ ಆರಂಭವಾದ ಬೆಂಗಳೂರಿನ 10 ಕಿಲೋಮೀಟರ್ ಓಟದಲ್ಲಿ ಅನೇಕರು ಸೇವಾಸಂಸ್ಥೆಗಳಿಗಾಗಿ ದೇಣಿಗೆ ಕೂಡಿಸಿ ಓಡುತ್ತಾರೆ. ನಾನೂ ಅಂಗವಿಕಲ ಮಕ್ಕಳಿಗಾಗಿ ಓಡಲು ಹೆಸರು ಕೊಟ್ಟೆ.

ಬೆಟ್ಟವೇರುವುದಕ್ಕಿಂತ ಪರರ ಮುಂದೆ ಕೈಚಾಚುವುದೇ ಕಷ್ಟವಾಯಿತು. ‘ನಾನು ಕೊಡುವವನು, ಬೇಡುವವನಲ್ಲ’ ಎಂಬ ಹಮ್ಮು ಬಾಯಿ ಕಟ್ಟಿಹಾಕಿತು. ಪರಿಚಿತರ ಮನೆ ಬಾಗಿಲವರೆಗೆ ಹೋಗಿ ಮರಳಿದ್ದೂ ಉಂಟು. ವಿಷಯ ತಿಳಿದ ಶೇಂಗಾ ಮಾರುವ ಅಜ್ಜಿಯೊಬ್ಬಳು ಕೇಳದೆಯೇ ಹತ್ತು ರೂಪಾಯಿ ಕೈಗಿತ್ತು, “ನಂದೂ ಒಂದು ಪಾಲು ಇರಲಿ ಯಪ್ಪಾ, ಓಡಿ ಬಾ” ಎಂದಳು. ಮರುದಿನವೇ ನಾನು ಬಾಗಿಲುಗಳನ್ನು ತಟ್ಟಿದೆ.

ಬೆಂಗಳೂರಿನ ಏರುರಸ್ತೆಯಲ್ಲಿ ಉಸಿರುಗಟ್ಟಿದಾಗ ನೆನಪಾದದ್ದು ಬೆಟ್ಟದ ಅಭ್ಯಾಸವಲ್ಲ, ಆ ಮಡಿಸಿದ ನೋಟು. ಓಟದಲ್ಲಿ ಬಹಳ ಹಿಂದೆ ಉಳಿದೆ. ಹಮ್ಮು ನನಗಿಂತಲೂ ಹಿಂದೆ ಉಳಿಯಿತು.