ಹಡಗಿನ ಮೇಲಿಳಿದ ಮೊದಲ ಜೆಟ್

1961ರ ಮೇ 18. ವಿಮಾನವಾಹಕ ಹಡಗು ವಿಕ್ರಾಂತ ಬ್ರಿಟನ್ನಿನಲ್ಲಿ ಭಾರತದ ನೌಕಾಪಡೆಗೆ ಸೇರಿ ಎರಡೂವರೆ ತಿಂಗಳಷ್ಟೇ ಆಗಿತ್ತು. ಅದಿನ್ನೂ ಭಾರತದ ತೀರವನ್ನು ಕಂಡಿರಲಿಲ್ಲ. ಅಂದು ಅದರ ಮೇಲೆ ಮೊದಲ ಜೆಟ್ ವಿಮಾನ ಇಳಿಯಿತು. ಸೀ ಹಾಕ್ ಎಂಬ ಆ ವಿಮಾನವನ್ನು ಇಳಿಸಿದವರು ರಾಧಾಕೃಷ್ಣ ಹರಿರಾಮ್ ತಹಿಲಿಯಾನಿ ಎಂಬ ಯುವ ಅಧಿಕಾರಿ.

ಹಡಗಿನ ಮೇಲೆ ವಿಮಾನ ಇಳಿಸುವುದೆಂದರೆ ಏನು? ವಿಕ್ರಾಂತದ ಒಟ್ಟು ಉದ್ದವೇ ಸುಮಾರು 700 ಅಡಿ. ಹಡಗು ಮುಂದೆ ಸಾಗುತ್ತಲೇ ಇರುತ್ತದೆ, ಅಲೆಗಳ ಮೇಲೆ ಏಳುತ್ತದೆ, ಬೀಳುತ್ತದೆ. ಡೆಕ್ಕಿನ ಮೇಲೆ ಅಡ್ಡಲಾಗಿ ಉಕ್ಕಿನ ಹಗ್ಗಗಳಿರುತ್ತವೆ. ವಿಮಾನದ ಹಿಂಬದಿಯ ಕೊಕ್ಕೆ ಅವುಗಳಲ್ಲೊಂದನ್ನು ಹಿಡಿಯಬೇಕು. ಚಕ್ರ ಡೆಕ್ಕಿಗೆ ತಾಗಿದೊಡನೆ ಪೈಲಟ್ ಎಂಜಿನ್ನಿನ ಬಲವನ್ನು ಪೂರ್ತಿ ಏರಿಸುತ್ತಾನೆ! ಕೊಕ್ಕೆ ತಪ್ಪಿದರೆ ಮತ್ತೆ ಹಾರಲೇಬೇಕಲ್ಲ. ಇಲ್ಲವಾದರೆ ಮುಂದೆ ಸಮುದ್ರ.

ಪೈಲಟ್ ಆಗಬೇಕೆಂದು ಹಟ ಹಿಡಿಯುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ತಿಳಿಯಬೇಕಾದ ಮಾತೊಂದಿದೆ. ನೌಕಾಪಡೆಯಲ್ಲಿ ಬರೀ ಹಾರಾಟ ಬಲ್ಲವನಿಗೆ ದೊಡ್ಡ ಹುದ್ದೆ ಒಲಿಯುವುದಿಲ್ಲ. ನಡುರಾತ್ರಿ ಹಡಗಿನ ಬ್ರಿಜ್ ಮೇಲೆ ನಿಂತು ಪಾಳಿ ಕಾಯಬೇಕು, ಹಡಗು ನಡೆಸುವುದನ್ನು ಕಲಿಯಬೇಕು. ಜೆಟ್ಟಿನ ರುಚಿ ಕಂಡವನಿಗೆ ಇದು ಸಪ್ಪೆ ಎನಿಸಿದರೆ ಆಶ್ಚರ್ಯವಿಲ್ಲ. ತಹಿಲಿಯಾನಿ ಅದನ್ನೂ ಮಾಡಿದರು. ಮುಂದೆ ಅದೇ ವಿಕ್ರಾಂತದ ಕಪ್ತಾನರೂ ಆದರು. 1984ರ ಡಿಸೆಂಬರ್‌ನಲ್ಲಿ ಅಡ್ಮಿರಲ್ ಪದವಿಯೊಂದಿಗೆ ನೌಕಾಪಡೆಯ ಮುಖ್ಯಸ್ಥರಾದರು. ಪೈಲಟ್ ಒಬ್ಬರು ಆ ಕುರ್ಚಿಗೆ ಬಂದದ್ದು ಅದೇ ಮೊದಲು.

ಅವರ ಕಾಲದಲ್ಲೇ, 1986ರ ಅಕ್ಟೋಬರ್ 24ರಂದು, ಪ್ರಧಾನಿ ರಾಜೀವ್ ಗಾಂಧಿ ಕಾರವಾರದ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಅದಕ್ಕಾಗಿ ಕರಾವಳಿಯ ಎಷ್ಟೋ ಕುಟುಂಬಗಳು ಮನೆ, ಗದ್ದೆ, ದೋಣಿ ಕಟ್ಟುವ ದಡ ಬಿಟ್ಟು ಹೋಗಬೇಕಾಯಿತು. 1987ರ ಮೇ ತಿಂಗಳಲ್ಲಿ ಎರಡನೆಯ ವಿಮಾನವಾಹಕ ವಿರಾಟ್ ನೌಕಾಪಡೆಗೆ ಸೇರಿತು. ಅಷ್ಟರಲ್ಲಿ ಸೀ ಹಾಕ್‌ಗಳ ಕಾಲ ಮುಗಿದಿತ್ತು. ಹೊಸ ಸೀ ಹ್ಯಾರಿಯರ್‌ಗಳು ಗಾಳಿಯಲ್ಲೇ ನಿಂತು ನೆಟ್ಟಗೆ ಕೆಳಗಿಳಿಯುತ್ತಿದ್ದವು. ಕೊಕ್ಕೆಯ ಹಂಗೇ ಇಲ್ಲ!

ನಿವೃತ್ತಿಯ ನಂತರ ತಹಿಲಿಯಾನಿ ಸಿಕ್ಕಿಮ್‌ನ ರಾಜ್ಯಪಾಲರಾಗಿದ್ದರು. ಕಾರವಾರದ ನೆಲೆ 2005ರಲ್ಲಿ ಕಾರ್ಯಾರಂಭ ಮಾಡಿದಾಗ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅರುಣ್ ಪ್ರಕಾಶ್ ಕೂಡ ಪೈಲಟ್ಟೇ. 2014ರ ಜನವರಿಯಲ್ಲಿ ವಿಕ್ರಮಾದಿತ್ಯ ಅಲ್ಲಿಗೆ ಬಂತು. ಅದರ ಮಿಗ್ ವಿಮಾನಗಳು ಇಳಿಯುವುದು ಮತ್ತೆ ಹಳೆಯ ಕೊಕ್ಕೆ, ಹಗ್ಗಗಳ ಕ್ರಮದಲ್ಲೇ. ಮರುವರ್ಷ ಅಕ್ಟೋಬರ್‌ನಲ್ಲಿ ತಹಿಲಿಯಾನಿ ತೀರಿಕೊಂಡರು.