ಉಣ್ಣೆ ಇರುವುದು ಗೋಡೆಯಲ್ಲಿ
ನಾಯಿಯ ಕಿವಿಯಿಂದ ಉಣ್ಣೆ ಕಿತ್ತು ಸೀಮೆಎಣ್ಣೆ ಡಬ್ಬಿಗೆ ಹಾಕುವುದರಲ್ಲಿ ನಮ್ಮವರು ನಿಸ್ಸೀಮರು. ಮರುವಾರ ಮತ್ತೆ ಅಷ್ಟೇ ಉಣ್ಣೆ! ಬರದೇ ಇನ್ನೇನು? ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣೆ ಕೆಳಗಿಳಿದು ಗೋಡೆಯ ಬಿರುಕಲ್ಲೋ ಗೂಡಿನ ಸಂದಿಯಲ್ಲೋ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಮೈಗಷ್ಟೇ ಔಷಧಿ ಹಚ್ಚಿ ಗೂಡು ಬಿಟ್ಟರೆ ಕಾಸು ದಂಡ. (ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವ ಉಣ್ಣೆ ಔಷಧಿ ತರಲೇಬೇಡಿ, ಅದಕ್ಕದು ವಿಷ.)

ನಾಯಿ ಊಟ ಬಿಟ್ಟು ಮಂಕಾದರೆ, ಒಸಡು ಬಿಳಿಚಿದರೆ, ಮೂಗಲ್ಲಿ ರಕ್ತ ಬಂದರೆ 'ಉಷ್ಣ ಆಗಿದೆ' ಅಂತ ಮಜ್ಜಿಗೆ ಕುಡಿಸುತ್ತಾ ಕೂರಬೇಡಿ. ಉಣ್ಣೆಜ್ವರ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಉಣ್ಣೆ ಹರಡುವ ಎರ್ಲಿಕಿಯಾ ರೋಗಾಣು ಅಂತಾದರೆ ವೈದ್ಯರು ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಬರೆದುಕೊಡುತ್ತಾರೆ. ನಾಲ್ಕನೇ ದಿನ ಬಾಲ ಅಲ್ಲಾಡಿಸಿತು ಅಂತ ಮಾತ್ರೆ ನಿಲ್ಲಿಸುವವರೇ ಜಾಸ್ತಿ.